ಪಕ್ಷ ಮತ್ತು ಸಾಕ್ಷಿ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಘದವರು ಕೇಳಿದಾಗ ನಾವು ಮೊದಲು ಆರಿಸಿಕೊಂಡ ವಿಷಯ ‘ಸತ್ಯದ ಸ್ವರೂಪ’ ಎಂಬುದು. ನಾಲ್ಕು ಪುಟಗಳನ್ನು ಬರೆದೂ ಆಗಿತ್ತು. ಉಪನಿಷತ್ತಿನಿಂದ ಹೊರಟು ಗಾಂಧೀಜಿಯವರವರೆಗೆ ಬಂದು ನಿಂತಿದ್ದೆವು. ಅಷ್ಟರಲ್ಲಿ ಒಂದು ಭಾನುವಾರ ಬೆಂಗಳೂರಿನಲ್ಲಿ ಫುಟ್‌ಬಾಲ್ ಪಂದ್ಯವೊಂದನ್ನು ನೋಡುವ ಪ್ರಸಂಗ ಒದಗಿತು. ಕಾರಿಮಂಗಲಕ್ಕೆ ಹಿಂದಿರುಗಿದ ಮೇಲೆ ಆ ನಾಲ್ಕು ಪುಟಗಳನ್ನು ಮತ್ತೆ ಓದಿದೆವು. ಅವು ಬೇರೆ ಯಾರೋ ಬರೆದವುಗಳಂತೆ ತೋರಿದವು. ಆದುದರಿಂದ ಅವನ್ನು ಬದಿಗಿರಿಸಿ ಇದನ್ನು ಬರೆಯುತ್ತಿದ್ದೇವೆ. ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಚೆಂಡಾಟದ ಮಾತೇಕೆ ಎಂದು ಕೇಳುವ ಹಿರಿಯರು ಸ್ವಲ್ಪ ತಾಳ್ಮೆಯಿಂದಿರಬೇಕಾಗಿ ಪ್ರಾರ್ಥನೆ.

ನಮ್ಮ ಮಗಳ ಮನೆ ಇರುವುದು ಬೆಂಗಳೂರಿನ ವಿವೇಕನಗರದಲ್ಲಿ. ಅವಳ ಮಗನಿಗೆ ಇಪ್ಪತ್ತೊಂದು ವಯಸ್ಸು. ಓದುವುದಕ್ಕಿಂತ ಒದೆಯುವುದರಲ್ಲಿ ಆಸಕ್ತಿ ಹೆಚ್ಚು. “ತಾತ, ಈ ಭಾನುವಾರ ನಮಗೂ ಹಲಸೂರಿನವರಿಗೂ ಮ್ಯಾಚ್ ಇದೆ, ನೀವು ಬರಲೇಬೇಕು” ಎಂದು ಅವನು ದೂರವಾಣಿಯಲ್ಲಿ ಒತ್ತಾಯ ಮಾಡಿದ. ಶನಿವಾರವೇ ಹೆದ್ದಾರಿಯಲ್ಲಿ ಬಸ್ಸು ಹಿಡಿದು ಕೃಷ್ಣಗಿರಿ, ಹೊಸೂರು ಮಾರ್ಗವಾಗಿ ಹೋಗಿ ತಲುಪಿದೆವು. ಪಂದ್ಯ ನಡೆದದ್ದು ಆಸ್ಟಿನ್ ಟೌನಿನ ಸಮೀಪದ ಒಂದು ಮಣ್ಣಿನ ಮೈದಾನದಲ್ಲಿ. ಟಿಕೆಟ್ ಇಲ್ಲ, ಟೆಲಿವಿಷನ್ ಇಲ್ಲ. ಇದು ಲೀಗ್ ಪಂದ್ಯವೂ ಅಲ್ಲ. ಗೆದ್ದವರಿಗೆ ಒಂದು ಸ್ಟೀಲಿನ ಕಪ್ಪು. ಸೋತವರು ಗೆದ್ದವರಿಗೆ ಬಿರಿಯಾನಿ ಕೊಡಿಸಬೇಕು ಎಂಬುದು ಎರಡು ಬಡಾವಣೆಗಳ ಹುಡುಗರು ತಾವೇ ಮಾಡಿಕೊಂಡ ಒಪ್ಪಂದ. ಆದರೆ ಸೇರಿದ್ದ ಜನರನ್ನು ನೋಡಿದರೆ ರಾಜ್ಯವೊಂದು ಕೈಬದಲಾಗುತ್ತಿದೆಯೇನೋ ಎನ್ನಿಸುವಂತಿತ್ತು. ಮಹಡಿಗಳ ಮೇಲೆ ಹೆಂಗಸರು, ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಮಕ್ಕಳು, ತಮಟೆ ಬಡಿಯುವವರು ಎರಡು ಕಡೆಯೂ.

ಅಕ್ಕಪಕ್ಕದ ಊರುಗಳ ಇಂತಹ ಹಣಾಹಣಿಗೆ ಇಂಗ್ಲಿಷರು ಡರ್ಬಿ ಎನ್ನುತ್ತಾರೆ. ದೂರದ ಊರಿನವರನ್ನು ಸೋಲಿಸಿದರೆ ಸಂತೋಷವೇ ಹೊರತು ಅಷ್ಟು ಸುಖವಿಲ್ಲ. ಪಕ್ಕದವರನ್ನು ಸೋಲಿಸಿದರೆ ನಾಳೆ ಬೆಳಗ್ಗೆ ಹಾಲಿನ ಅಂಗಡಿಯಲ್ಲಿ ಅವರ ಮುಖವನ್ನು ನೋಡಬಹುದು. ಇದು ಹೊಸ ಸಂಗತಿಯೇನೂ ಅಲ್ಲ. ಧರ್ಮಪುರಿಯ ಸರಕಾರಿ ವಸ್ತುಸಂಗ್ರಹಾಲಯಕ್ಕೆ ನಾವು ಪ್ರತಿವರ್ಷ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆವು. ಅಲ್ಲಿರುವ ವೀರಗಲ್ಲುಗಳನ್ನು ಸಂಘದ ಸದಸ್ಯರು ಅನೇಕರು ನೋಡಿರುತ್ತೀರಿ; ತಮಿಳಿನಲ್ಲಿ ಅವನ್ನು ನಡುಕಲ್ ಎನ್ನುತ್ತಾರೆ. ನಮ್ಮ ಸೀಮೆಯ ವೀರಗಲ್ಲುಗಳಲ್ಲಿ ಎಷ್ಟೋ ಮಂದಿ ಮಡಿದದ್ದು ಮಹಾಯುದ್ಧಗಳಲ್ಲಿ ಅಲ್ಲ. ನೆರೆಯೂರಿನವರು ದನಗಳನ್ನು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ಸತ್ತವರು ಅವರು. ತುರುಗಳ ಬದಲು ಒಂದು ಚೆಂಡನ್ನಿಟ್ಟು, ಸತ್ತವನು ಸಂಜೆ ಎದ್ದು ಮನೆಗೆ ಹೋಗುವಂತೆ ಮಾಡಿದ್ದು ಮನುಷ್ಯನ ಒಂದು ದೊಡ್ಡ ಉಪಾಯವೆಂದೇ ನಾವು ತಿಳಿದಿದ್ದೇವೆ.

ಬೆಂಗಳೂರಿನ ಈ ಭಾಗದಲ್ಲಿ ಫುಟ್‌ಬಾಲ್ ಬೇರೂರಿದ ಬಗೆಯನ್ನು ನಮ್ಮ ವಾಚಕರು ಅವಶ್ಯವಾಗಿ ತಿಳಿಯಬೇಕು. 1809ರಲ್ಲಿ ಬ್ರಿಟಿಷರು ತಮ್ಮ ದಂಡನ್ನು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ತಂದರು. ದಂಡಿನ ಹಿಂದೆ ಕೂಲಿಗೂ ವ್ಯಾಪಾರಕ್ಕೂ ತಮಿಳು ನಾಡಿನಿಂದ ಸಾವಿರಾರು ಕುಟುಂಬಗಳು ಬಂದು ನೆಲೆಸಿದವು. ಸಿಪಾಯಿಗಳು ಆಡುತ್ತಿದ್ದ ಆಟವನ್ನು ಅವರ ಮಕ್ಕಳು ಬರಿಗಾಲಿನಲ್ಲಿ ಕಲಿತರು. ಹಲಸೂರಿನ ಬಳಿಯ ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆಯಿದೆ. 1937ರಲ್ಲಿ, ಮರುವರ್ಷ ಮತ್ತೊಮ್ಮೆ, ಮುಂಬಯಿಯ ರೋವರ್ಸ್ ಕಪ್ಪನ್ನು ಬಿಳಿಯರ ಪಲ್ಟನ್ನುಗಳ ಕೈಯಿಂದ ಕಸಿದು ತಂದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಎದುರು ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1962ರ ಜಕಾರ್ತ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಅರುಮೈನಾಯಗಂ ಈ ಊರಿನವರು. ಮೈಸೂರು ರಾಜ್ಯ 1946–47, 1952–53, 1967–68, 1968–69ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಆಮೇಲೆ ಕರ್ನಾಟಕ ಮತ್ತೆ ಗೆದ್ದದ್ದು 2023ರ ಮಾರ್ಚ್ 4ರಂದು, ಅದೂ ದೂರದ ರಿಯಾದಿನಲ್ಲಿ, ಮೇಘಾಲಯದ ಎದುರು 3–2ರಿಂದ. ಕನ್ನಡ ನಾಡಿಗೆ ಈ ಕೀರ್ತಿಯನ್ನು ತಂದವರಲ್ಲಿ ಮನೆಯಲ್ಲಿ ತಮಿಳು ಮಾತನಾಡುವವರು ಎಷ್ಟೋ ಮಂದಿ. ತಮಿಳು ನಾಡಿನಲ್ಲಿ ಕುಳಿತು ಮನೆಯಲ್ಲಿ ಕನ್ನಡ ಮಾತನಾಡುವ ನಮಗೆ ಇದನ್ನು ನೆನೆದಾಗ ಕನ್ನಡಿಯ ಮುಂದೆ ನಿಂತಂತಾಗುತ್ತದೆ.

ಬಿಸಿಲಿಗೆ ಹೆದರಿ ನಾವು ಗೋಲಿನ ಪಕ್ಕದಲ್ಲಿದ್ದ ಹೊಂಗೆಯ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡೆವು. ಗೋಲಿನ ಕಂಬ ನಮ್ಮಿಂದ ಹತ್ತು ಹನ್ನೆರಡು ಅಡಿ. ಪಕ್ಕದ ಕುರ್ಚಿಯಲ್ಲಿ ನಮ್ಮ ವಯಸ್ಸಿನವರೇ ಒಬ್ಬರು ಬಂದು ಕುಳಿತರು. ಹಲಸೂರಿನವರು, ಯೌವನದಲ್ಲಿ ಚೆನ್ನಾಗಿ ಆಡುತ್ತಿದ್ದರೆಂಬ ಕಾರಣಕ್ಕೇ ಸರಕಾರಿ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತಂತೆ. ಎಚ್‌ಎಎಲ್, ಐಟಿಐ ಮುಂತಾದ ಕಾರ್ಖಾನೆಗಳು ತಮ್ಮ ತಮ್ಮ ತಂಡಗಳನ್ನು ಕಟ್ಟಿ ಆಟಗಾರರಿಗೆ ಅನ್ನವಿಟ್ಟ ಕಾಲ ಅದು. ಪೊಟ್ಟಣದಲ್ಲಿದ್ದ ಹುರಿದ ಕಡಲೆಕಾಯಿಯನ್ನು ನಮ್ಮ ಮುಂದೆ ಹಿಡಿದರು. ನಾವು ಮೊಮ್ಮಗನೊಡನೆ ಕನ್ನಡದಲ್ಲಿ ಮಾತನಾಡಿದ್ದನ್ನು ಕೇಳಿಸಿಕೊಂಡಿದ್ದರಿಂದ ಅವರು ನಮ್ಮೊಡನೆ ಕನ್ನಡದಲ್ಲಿ ಮಾತು ತೆಗೆದರು. ಅವರ ಕನ್ನಡದಲ್ಲಿ ತಮಿಳಿನ ಎಳೆತವನ್ನು ಕಂಡು ನಾವು ಮರ್ಯಾದೆಗಾಗಿ ತಮಿಳಿನಲ್ಲಿ ಉತ್ತರಿಸಿದೆವು. ಕೊನೆಯವರೆಗೂ ಹಾಗೆಯೇ ನಡೆಯಿತು: ಅವರು ಕನ್ನಡ, ನಾವು ತಮಿಳು. ನೋಡಿದವರಿಗೆ ನಗು ಬಂದಿರಬೇಕು.

ಮಧ್ಯಂತರದಲ್ಲಿ ಮಾತು ಎಲ್ಲಿಂದಲೋ 1991ರ ಡಿಸೆಂಬರಿಗೆ ಬಂತು. ಕಾವೇರಿ ನ್ಯಾಯಮಂಡಲಿಯ ಮಧ್ಯಂತರ ಆದೇಶದ ತರುವಾಯ ಬೆಂಗಳೂರಿನಲ್ಲಿ ತಮಿಳರ ಮನೆಗಳಿಗೆ ಬೆಂಕಿ ಬಿದ್ದ ದಿನಗಳು. ಆಗ ಅವರು ನಗರದ ಇನ್ನೊಂದು ಮೂಲೆಯಲ್ಲಿ ಬಾಡಿಗೆಗೆ ಇದ್ದರಂತೆ. ಅವರ ತಂಡದಲ್ಲಿಯೇ ಆಡುತ್ತಿದ್ದ ಕನ್ನಡದವರೊಬ್ಬರು ಹೆಂಡತಿ ಮಕ್ಕಳ ಸಹಿತ ಇವರನ್ನು ತಮ್ಮ ಮನೆಯ ಅಡುಗೆಕೋಣೆಯಲ್ಲಿ ಕೂರಿಸಿದರು. ರಾತ್ರಿ ಗುಂಪು ಬಂದು ಬಾಗಿಲು ಬಡಿದಾಗ ಆ ಸ್ನೇಹಿತರ ತಾಯಿ ಹೊರಗೆ ಬಂದು, “ಇಲ್ಲಿ ಯಾರೂ ಇಲ್ಲ, ನಾವು ಯಾರನ್ನೂ ನೋಡಿಲ್ಲ” ಎಂದರಂತೆ. “ಆಯಮ್ಮ ದೇವರ ಮನೆ ಮುಂದೆ ನಿಂತುಕೊಂಡು ಸುಳ್ಳು ಹೇಳಿದರು, ಮೇಷ್ಟ್ರೇ. ಆ ಸುಳ್ಳಿನಲ್ಲಿ ನಾನು ಇಲ್ಲಿ ಕೂತಿದ್ದೇನೆ” ಎಂದು ಹೇಳಿ ಕಡಲೆಕಾಯಿಯ ಸಿಪ್ಪೆಯನ್ನು ಊದಿದರು. ಇದನ್ನು ಅವರು ದುಃಖದಿಂದಾಗಲಿ ಕೋಪದಿಂದಾಗಲಿ ಹೇಳಲಿಲ್ಲ.

ದ್ವಿತೀಯಾರ್ಧದ ಕೊನೆಯ ಭಾಗದಲ್ಲಿ, ಎರಡು ತಂಡಗಳೂ ಒಂದೊಂದು ಗೋಲು ಹೊಡೆದು ಸಮವಾಗಿದ್ದಾಗ, ನಮ್ಮ ಮೊಮ್ಮಗ ಬಲಬದಿಯಿಂದ ಓಡಿ ಬಂದು ಬಿರುಸಾಗಿ ಒದ್ದ. ಚೆಂಡು ಕಂಬದ ಹೊರಗಿನಿಂದಲೇ ಹೋಯಿತು. ಒಂದು ಗೇಣಿನಷ್ಟು ಹೊರಗೆ. ಪಕ್ಕದ ಬಲೆಯಲ್ಲಿ ಒಂದು ದೊಡ್ಡ ಹರಕು ಇತ್ತು. ಅದರೊಳಗೆ ನುಗ್ಗಿ ಗೋಲಿನೊಳಗೆ ಬಿದ್ದು ಉರುಳಿತು. ಒಂದು ಕ್ಷಣ ಮೈದಾನವೆಲ್ಲ ಸ್ತಬ್ಧವಾಯಿತು. ಆಮೇಲೆ ತಮಟೆ. ಒಂದು ಕಡೆಯವರು ಗೋಲೆಂದು ಕುಣಿದರು, ಇನ್ನೊಂದು ಕಡೆಯವರು ಹರಕನ್ನು ತೋರಿಸುತ್ತ ಓಡಿ ಬಂದರು. ರೆಫರಿಯಾಗಿದ್ದ ಹುಡುಗ ಮೈದಾನದ ನಡುವೆ ಇದ್ದ. ಗೆರೆಯ ಬಳಿ ನಿಲ್ಲಬೇಕಾದವರು ಎರಡು ತಂಡಗಳ ಮೀಸಲು ಆಟಗಾರರೇ, ಅವರವರ ಮಾತು ಅವರವರ ಪಕ್ಷಕ್ಕೆ. ಕೈಕೈ ಮಿಲಾಯಿಸುವ ಹಂತಕ್ಕೆ ಬಂದಾಗ ನಮ್ಮ ಪಕ್ಕದಲ್ಲಿದ್ದವರು ಎದ್ದು ನಿಂತು ಕೂಗಿ ಹೇಳಿದರು: “ಇಲ್ಲಿ ಹೆಡ್‌ಮಾಸ್ಟರ್ ಸಾರ್ ಇದ್ದಾರೆ. ಕಂಬದ ಪಕ್ಕದಲ್ಲೇ ಕೂತಿದ್ದಾರೆ. ಅವರನ್ನು ಕೇಳಿ. ಅವರು ಹೇಳಿದ್ದನ್ನು ಹಲಸೂರಿನವರು ಒಪ್ಪುತ್ತೇವೆ.”

ಗೋಲು ಹೊಡೆದವನು ನಮ್ಮ ಮೊಮ್ಮಗನೆಂಬುದು ಅವರಿಗೆ ಗೊತ್ತಿತ್ತು. ನಾವೇ ಹೆಮ್ಮೆಯಿಂದ ತೋರಿಸಿದ್ದೆವು.

ಪ್ರೇಕ್ಷಕರನ್ನು ಕೇಳಿ ತೀರ್ಪು ಕೊಡುವುದು ಆಟದ ನಿಯಮವಲ್ಲ. ಆದರೂ ಆ ಹುಡುಗ ಬಂದು ಕೈಕಟ್ಟಿ ನಿಂತು, “ಅಯ್ಯಾ, ಉಳ್ಳೆಯಾ, ವೆಳಿಯೆಯಾ?” ಎಂದು ಕೇಳಿದ. ಒಳಗೋ ಹೊರಗೋ, ಅಷ್ಟೇ ಪ್ರಶ್ನೆ. ನಾವು “ಸರಿಯಾ ತೆರಿಯಲೆ” ಎಂದೆವು. ತಮಿಳು ಬಲ್ಲ ನಮ್ಮ ವಾಚಕರಿಗೆ ಈ ಮಾತಿನ ಅನುಕೂಲ ಗೊತ್ತು. ಕಾಣಲಿಲ್ಲ ಎಂಬುದಕ್ಕೂ ಗೊತ್ತಿಲ್ಲ ಎಂಬುದಕ್ಕೂ ಅದು ಒಂದೇ ಮಾತು. ಕನ್ನಡದಲ್ಲಾಗಿದ್ದರೆ ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತಿತ್ತು. ಮೂರು ವರ್ಷಗಳ ಹಿಂದೆ ಸೇಲಂನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಿದ್ದೇವೆ, ಆ ನೆಪವನ್ನೂ ಸೇರಿಸಿದೆವು. ಪೊರೆ ತೆಗೆದ ವೈದ್ಯರು ನಮ್ಮ ದೃಷ್ಟಿ ಈಗ ಬಾಲಕನಂತಿದೆ ಎಂದು ಹೇಳಿದ್ದರು. ರೆಫರಿ ಗೋಲು ಕೊಟ್ಟ. ಪಕ್ಕದವರು ಕುಳಿತುಕೊಂಡು, “ವಯಸ್ಸಾಯಿತಲ್ಲ ಸಾರ್, ನನಗೂ ಹಾಗೇ” ಎಂದು ಉಳಿದ ಕಡಲೆಕಾಯಿಯನ್ನು ನಮ್ಮ ಕೈಗೆ ಹಾಕಿದರು.

ಗೋಲಿಗೆ ಬಲೆ ಕಟ್ಟುವ ಪದ್ಧತಿ ಬಂದ ಬಗೆಯನ್ನು ಹಿಂದೆ ಎಲ್ಲಿಯೋ ಓದಿದ್ದೆವು. 1889ರಲ್ಲಿ ಇಂಗ್ಲೆಂಡಿನ ಎವರ್ಟನ್ ತಂಡದ ಪಂದ್ಯವೊಂದರಲ್ಲಿ ಇದೇ ಜಗಳವಾಯಿತು; ಚೆಂಡು ಕಂಬಗಳ ನಡುವೆ ಹೋಯಿತೋ ಹೊರಗೆ ಹೋಯಿತೋ ಎಂದು. ಲಿವರ್‌ಪೂಲಿನ ಎಂಜಿನಿಯರ್ ಜಾನ್ ಅಲೆಕ್ಸಾಂಡರ್ ಬ್ರೋಡಿ ಎಂಬವರು ಅದಕ್ಕೆ ಪರಿಹಾರವಾಗಿ ಬಲೆಯನ್ನು ಕಲ್ಪಿಸಿದರು. 1891ರಿಂದ ಅದು ಬಳಕೆಗೆ ಬಂತು. ಅಂದರೆ ನೋಡಿದವರು ನೋಡಿದ್ದನ್ನು ಹೇಳುವರೆಂಬ ನಂಬಿಕೆ ಹೋದಲ್ಲಿ ಹಗ್ಗವನ್ನು ಹೆಣೆದರು. ಹಗ್ಗ ಹರಿದರೆ? 2013ರ ಅಕ್ಟೋಬರ್ 18ರಂದು ಜರ್ಮನಿಯಲ್ಲಿ ಹಾಫೆನ್‌ಹೈಮ್ ಮತ್ತು ಲೆವರ್‌ಕುಸೆನ್ ತಂಡಗಳ ನಡುವೆ ನಡೆದ ಪಂದ್ಯದಲ್ಲಿ ಹೀಗೆಯೇ ಪಕ್ಕದ ಬಲೆಯ ಹರಕಿನಿಂದ ಚೆಂಡು ಒಳಹೊಕ್ಕಿತು. ಕೀಸ್ಲಿಂಗ್ ಎಂಬ ಆಟಗಾರನ ಹೆಸರಿಗೆ ಗೋಲು ದಾಖಲಾಯಿತು, ಫಲಿತಾಂಶವೂ ಹಾಗೆಯೇ ನಿಂತಿತು. ಅದಕ್ಕೆ ಹಿಂದಿನ ವರ್ಷ, 2012ರ ಸೆಪ್ಟೆಂಬರಿನಲ್ಲಿ, ನೇಪಲ್ಸ್‌ನಲ್ಲಿ ಲಾಜಿಯೊ ತಂಡದ ಕ್ಲೋಸ ಎಂಬ ಇನ್ನೊಬ್ಬ ಜರ್ಮನ್ ಆಟಗಾರ ತನಗೆ ಸಿಕ್ಕಿದ ಗೋಲು ಕೈಗೆ ತಾಗಿ ಹೋದದ್ದೆಂದು ತಾನೇ ರೆಫರಿಗೆ ಹೇಳಿ ರದ್ದು ಮಾಡಿಸಿಕೊಂಡ. ಅವನ ತಂಡ 3–0ಯಿಂದ ಸೋತಿತು. ಇಬ್ಬರೂ ಆಗ ಆಟದಿಂದಲೇ ಬದುಕುತ್ತಿದ್ದವರು; ಒಂದು ಗೋಲಿನ ಹಿಂದೆ ಅವರಿಗೆ ಲಕ್ಷಾಂತರ ಹಣವಿತ್ತು. ನಮ್ಮ ಪಕ್ಕದಲ್ಲಿ ಕುಳಿತಿದ್ದವರೂ ಕಾರ್ಖಾನೆಗಾಗಿ ಆಡುವಾಗ ಹಾಗೆ ಹೇಳಿಕೊಳ್ಳಬಹುದಿತ್ತು: ಹೊಟ್ಟೆಪಾಡು. ನಮಗಾಗಲಿ ನಮ್ಮ ಮೊಮ್ಮಗನಿಗಾಗಲಿ ಇದ್ದದ್ದು ಒಂದು ಸ್ಟೀಲಿನ ಕಪ್ಪು. ಸಣ್ಣ ಪಂದ್ಯದಲ್ಲಿ ಹೇಳಿದ ಸುಳ್ಳು ಸಣ್ಣದೆಂದು ನಾವು ಬಸ್ಸಿನಲ್ಲಿ ಸಮಾಧಾನ ಮಾಡಿಕೊಳ್ಳಲು ನೋಡಿದೆವು. ಹೊಸೂರು ದಾಟುವ ಹೊತ್ತಿಗೆ ಲೆಕ್ಕ ತಿರುಗುಮುರುಗಾಯಿತು: ಪಣ ಸಣ್ಣದಾದಷ್ಟೂ ನೆಪವೂ ಸಣ್ಣದಾಗುತ್ತ ಹೋಗುತ್ತದೆ.

ಪಕ್ಷಪಾತವೇ ತಪ್ಪೆಂದು ನಾವು ಹೇಳುವುದಿಲ್ಲ. ಮೊಮ್ಮಗನ ತಂಡ ಗೆಲ್ಲಲೆಂದು ಬಯಸದ ತಾತನಿಂದ ಯಾರಿಗೆ ಏನು ಪ್ರಯೋಜನ? ಎಲ್ಲರನ್ನೂ ಸಮಾನವಾಗಿ ಪ್ರೀತಿಸುತ್ತೇನೆ ಎನ್ನುವವನು ಯಾರ ಮನೆಯ ಸಾವಿಗೂ ಹೋಗುವುದಿಲ್ಲ. ನಮ್ಮ ಹಳೆಗನ್ನಡದವರು ಜೋಳವಾಳಿ ಎಂಬ ಒಂದು ಮಾತನ್ನು ಇಟ್ಟುಕೊಂಡಿದ್ದರು; ಉಂಡ ಜೋಳದ ಋಣಕ್ಕೆ ಪ್ರಾಣವನ್ನೂ ಕೊಡುವ ನಿಷ್ಠೆ. ಅದರ ದೊಡ್ಡ ಉದಾಹರಣೆ ಕರ್ಣನೇ. ಆದರೆ ಉದ್ಯೋಗಪರ್ವದಲ್ಲಿ ಕೃಷ್ಣ ಬಂದು ಕೇಳಿದಾಗ ಕರ್ಣ ಏನು ಮಾಡುತ್ತಾನೆ? ಗೆಲ್ಲುವವರು ಪಾಂಡವರೆಂಬುದನ್ನು ಮುಚ್ಚಿಡುವುದಿಲ್ಲ, ಅವರಿಗೆ ತಾನು ಆಡಿದ ಕಟುಮಾತುಗಳಿಗಾಗಿ ಪಶ್ಚಾತ್ತಾಪಪಡುತ್ತಾನೆ, ಆದರೂ ದುರ್ಯೋಧನನನ್ನು ಬಿಡುವುದಿಲ್ಲ. ಅವನ ದೇಹ ಒಂದು ಪಕ್ಷದಲ್ಲಿತ್ತು, ಕಣ್ಣು ಮಾತ್ರ ಯಾವ ಪಕ್ಷಕ್ಕೂ ಸೇರಿರಲಿಲ್ಲ. ನಾವು ಇದನ್ನು ಎಷ್ಟೋ ವರ್ಷ ಪಾಠ ಹೇಳಿದ್ದೇವೆ. ತಮಟೆಯ ಜೊತೆ ಕೂಗುವುದು ಒಂದು ಕೆಲಸ, ಒಳಗೋ ಹೊರಗೋ ಎಂದು ಕೇಳಿದಾಗ ಹೇಳುವುದು ಇನ್ನೊಂದು ಕೆಲಸ. ಎರಡಕ್ಕೂ ಒಂದೇ ಬಾಯಿ ಇರುವುದೇ ತೊಂದರೆ.

ಹಾಗಾದರೆ 1991ರಲ್ಲಿ ಬಾಗಿಲಲ್ಲಿ ನಿಂತ ಆ ತಾಯಿ? ಅವರೂ ನೋಡಿದ್ದನ್ನು ನೋಡಿಲ್ಲವೆಂದರು. ಅದು ತಪ್ಪೆಂದು ಹೇಳುವ ಶಾಸ್ತ್ರವಿದ್ದರೆ ಆ ಶಾಸ್ತ್ರ ನಮಗೆ ಬೇಡ. ಎರಡೂ ಮಾತುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸುಳ್ಳಿನ ಗಾತ್ರದಲ್ಲಿಲ್ಲ. ಆ ತಾಯಿ ತಮ್ಮವರ ಗುಂಪಿನ ಎದುರು ನಿಂತು, ಪರರಿಗಾಗಿ, ತಮ್ಮ ಮನೆಗೇ ಬೆಂಕಿ ಬೀಳಬಹುದೆಂದು ತಿಳಿದೂ ಹೇಳಿದರು. ನಾವು ನಮ್ಮವರ ಪರವಾಗಿ, ಏನನ್ನೂ ಕಳೆದುಕೊಳ್ಳದೆ, ನಮ್ಮನ್ನು ನಂಬಿದ ಮನುಷ್ಯನಿಗೆ ಹೇಳಿದೆವು. ಕೇಳಿಸಿಕೊಂಡವರು ಒಬ್ಬರೇ ಎಂಬುದು ನಮ್ಮನ್ನು ಬಾಧಿಸುವ ಸಂಗತಿ. ಅವರ ಬಾಳಿನಲ್ಲಿ ಒಂದು ‘ನೋಡಿಲ್ಲ’ ಅಡುಗೆಕೋಣೆಯ ಬಾಗಿಲು ಕಾಯಿತು. ಇನ್ನೊಂದು, ಮೈದಾನದ ಹೊಂಗೆಯ ನೆರಳಿನದು.

ಇಲ್ಲಿ ಸಂಘದ ಬಂಧುಗಳಿಗೆ ನಾವು ಒಂದು ಮಾತನ್ನು ಮರೆಮಾಚದೆ ಹೇಳಬೇಕು. ‘ತೆರಿಯಲೆ’ ಎಂಬ ಮಾತು ಆ ದಿನ ನಮ್ಮ ಬಾಯಿಗೆ ಅಷ್ಟು ಸುಲಭವಾಗಿ ಬಂದದ್ದು ಅಕಸ್ಮಾತ್ತಲ್ಲ. ಅದು ಗಡಿಯವರ ಅಭ್ಯಾಸ. 1956ರ ನವೆಂಬರಿನಲ್ಲಿ ರಾಜ್ಯಗಳ ಗೆರೆಗಳನ್ನು ಎಳೆದಾಗ ನಾವು ಗೆರೆಯ ಈಚೆ ಉಳಿದೆವು. ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನ ಕಲ್ಲಿನಲ್ಲಿದ್ದರೂ ಮನೆಯ ಕನ್ನಡವನ್ನು ಬೀದಿಯಲ್ಲಿ ತಗ್ಗಿಸಿ ಆಡುವುದನ್ನು ಕಲಿತೆವು. ಕಾವೇರಿಯ ಗಲಾಟೆ ಬಂದಾಗಲೆಲ್ಲ ಇಲ್ಲಿಯವರು “ನೀವು ಯಾವ ಕಡೆ?” ಎಂದು ಕೇಳಿದರೆ ತೆರಿಯಲೆ, ಬೆಂಗಳೂರಿನ ನೆಂಟರು ಕೇಳಿದರೆ ಗೊತ್ತಿಲ್ಲ. ಹೀಗೆ ನಡೆದುಕೊಂಡದ್ದರಿಂದಲೇ ನಮ್ಮ ಮಕ್ಕಳು ನೆಮ್ಮದಿಯಾಗಿ ಓದಿದರು, ಅಂಗಡಿಗಳು ತೆರೆದಿದ್ದವು. ಇದನ್ನು ನಾವು ಸಮಭಾವವೆಂದೂ ವಿವೇಕವೆಂದೂ ಸಭೆಗಳಲ್ಲಿ ಕೊಂಡಾಡಿಕೊಂಡಿದ್ದೇವೆ. ಯಾವ ಕಡೆಯೂ ಸೇರದಿರುವುದು ಬೇರೆ, ಕಂಡದ್ದನ್ನು ಕಂಡಿಲ್ಲವೆನ್ನುವುದು ಬೇರೆ ಎಂಬುದು ಎಪ್ಪತ್ತು ದಾಟಿದ ಮೇಲೆ, ಹುಡುಗರ ಚೆಂಡಾಟದಲ್ಲಿ ನಮಗೆ ತಿಳಿಯಬೇಕಾಗಿತ್ತೆ?

ತಿಳಿಯಲು ಮೊದಲೂ ಒಂದು ಅವಕಾಶವಿತ್ತು. ನಾವು ಮುಖ್ಯೋಪಾಧ್ಯಾಯರಾಗಿದ್ದಾಗ ಶಾಲೆಗಳ ನಡುವಣ ಪಂದ್ಯದಲ್ಲಿ ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬ ತಾನೇ ಕೈಯೆತ್ತಿ, ಚೆಂಡು ತನ್ನ ಕೈಗೆ ತಾಗಿತೆಂದು ಒಪ್ಪಿಕೊಂಡ. ಪೆನಾಲ್ಟಿ ಕೊಟ್ಟರು, ನಮ್ಮ ಶಾಲೆ ಸೋತಿತು. ಜೊತೆಯ ಹುಡುಗರು ಅವನನ್ನು ದಾರಿಯುದ್ದಕ್ಕೂ ಹಂಗಿಸಿದರು. ಮರುದಿನ ಬೆಳಗಿನ ಪ್ರಾರ್ಥನೆಯಲ್ಲಿ ನಾವು ಶುಲ್ಕದ ಕೊನೆಯ ದಿನಾಂಕವನ್ನು ಓದಿದೆವು, ಸಮವಸ್ತ್ರದ ಬಗ್ಗೆ ಎಚ್ಚರಿಕೆ ಹೇಳಿದೆವು. ಆ ಹುಡುಗನ ಬಗ್ಗೆ ಏನನ್ನೂ ಹೇಳಲಿಲ್ಲ. ಹೇಳಿದರೆ ಸೋತ ತಂಡಕ್ಕೆ ನೋವಾದೀತೆಂದು ನಮ್ಮ ವಿವೇಕ. ಅವನು ಎರಡನೆಯ ಸಾಲಿನಲ್ಲಿ ನಿಂತಿದ್ದ, ನಮ್ಮನ್ನೇ ನೋಡುತ್ತಿದ್ದ.

ಪಂದ್ಯದ ರಾತ್ರಿ ಮೊಮ್ಮಗ ಬಿರಿಯಾನಿ ಮುಗಿಸಿಕೊಂಡು ತಡವಾಗಿ ಬಂದ. ನಾವು ಮಲಗಿರಲಿಲ್ಲ. “ತಾತ, ಅದು ಗೋಲೇ ತಾನೆ?” ಎಂದ. “ರೆಫರಿ ಕೊಟ್ಟರಲ್ಲ” ಎಂದೆವು. ಅವನು ಬೂಟಿನ ಮಣ್ಣನ್ನು ಕೆರೆಯುತ್ತ ಬಹಳ ಹೊತ್ತು ಕುಳಿತಿದ್ದ. ಒದ್ದವನಿಗೆ ನೋಡಿದವನಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ತಾತ ಬೇರೆ ಉತ್ತರ ಕೊಡಲಿ ಎಂದು ಅವನು ಕೇಳಿದನೋ, ಅದೇ ಉತ್ತರ ಬೇಕೆಂದು ಕೇಳಿದನೋ, ಅವನ ಮುಖ ನೋಡಿ ತಿಳಿಯಲು ನಮ್ಮಿಂದಾಗಲಿಲ್ಲ. ಇದು ಮಾತ್ರ ನಿಜವಾಗಿಯೂ ಕಾಣಲಿಲ್ಲ.

ಹೋದ ವಾರ ಅವನೇ ಕರೆ ಮಾಡಿದ್ದ. ಮುಂದಿನ ತಿಂಗಳು ಹಲಸೂರಿನ ಕಡೆಯ ಮೈದಾನದಲ್ಲಿ ಮರುಪಂದ್ಯವಂತೆ. ಆ ಹಿರಿಯರು ಅವನನ್ನು ದಾರಿಯಲ್ಲಿ ಕಂಡು, “ನಿಮ್ಮ ತಾತ ಬರುತ್ತಾರಾ? ಕಣ್ಣು ಈಗ ಹೇಗಿದೆ?” ಎಂದು ವಿಚಾರಿಸಿದರಂತೆ. ಅವರ ಹೆಸರನ್ನು ನಾವು ಕೇಳಿಯೇ ಇರಲಿಲ್ಲ, ಮೊಮ್ಮಗನಿಗೂ ಗೊತ್ತಿಲ್ಲ. ಹೋಗುವುದೆಂದು ನಿಶ್ಚಯಿಸಿದ್ದೇವೆ. ಮಂಗಳವಾರದ ಸಂತೆಯಲ್ಲಿ ಒಂದು ಡಜನ್ ಒಳ್ಳೆಯ ತೆಂಗಿನಕಾಯಿಗಳನ್ನು ಆರಿಸಿ ಇಡಬೇಕು. ಕುರ್ಚಿ ಹಾಕಿಕೊಂಡು ಕುಳಿತ ಕೂಡಲೇ, ಆಟ ಆರಂಭವಾಗುವುದಕ್ಕೆ ಮೊದಲೇ, ಚೆಂಡು ಹೊರಗಿತ್ತೆಂದು ಅವರಿಗೆ ಹೇಳುವುದು. ಕನ್ನಡದಲ್ಲಿ ಹೇಳುವುದೋ ತಮಿಳಿನಲ್ಲಿ ಹೇಳುವುದೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.